ನೋವು ಹೇಳದ ಕಣ್ಣು

ನಮ್ಮ ಅತ್ತೆಗೆ ಊರಲ್ಲಿ ಒಂದು ಕೆಲಸವಿತ್ತು. ಯಾರ ಕಣ್ಣಿಗೆ ಕಸ ಬಿದ್ದರೂ ತೆಗೆಯುವುದು. ಯಾರೂ ನೇಮಿಸಿದ್ದಲ್ಲ, ಸಂಬಳವೂ ಇಲ್ಲ. ಸಿಂಧಘಟ್ಟದ ಆಚೀಚಿನ ಊರುಗಳಿಂದಲೂ ಜನ ಒಂದು ಕಣ್ಣನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಮುಖವೆಲ್ಲ ನೀರು ಮಾಡಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ರಾಗಿ ಒಕ್ಕಣೆ ಶುರುವಾಯಿತೆಂದರೆ ಮುಗಿಯಿತು, ನಾನು ಕಾಲೇಜಿನ ಕೆಲಸಕ್ಕೆ ಹೊರಡುವ ಹೊತ್ತಿಗೇ ಯಾರಾದರೊಬ್ಬರು ದಾರಿಗೆ ಅಡ್ಡವಾಗಿ ಕೂತು ಮೂಗು ಸುರಿಸುತ್ತಿರುತ್ತಿದ್ದರು.

ಅತ್ತೆ ಅವರನ್ನು ಬಿಸಿಲಿಗೆ ಮುಖ ಮಾಡಿ ಕೂರಿಸುತ್ತಿದ್ದರು. ಹೆಬ್ಬೆರಳಿನಲ್ಲಿ ಮೇಲಿನ ರೆಪ್ಪೆಯನ್ನು ಎತ್ತಿ ಮಗುಚುತ್ತಿದ್ದರು. ನೂರಾರು ಸಲ ಒಗೆದು ಮೆತ್ತಗಾದ ಹಳೆಯ ಸೀರೆಯ ಸೆರಗಿನ ತುದಿಯನ್ನು ನೀರಿಗದ್ದಿ, ಬತ್ತಿಯಂತೆ ಹೊಸೆದು, ಒಂದೇ ಒಂದು ಸಲ ಒರೆಸುತ್ತಿದ್ದರು. ಆಮೇಲೆ ಕೇಳುತ್ತಿದ್ದರು.

"ಚುಚ್ತದಾ?"

"ಊ ಕಣವ್ವ" ಅಂದರೆ ಮತ್ತೊಂದು ಸಲ. "ಇಲ್ಲ" ಅಂದರೆ ಕೆಲಸ ಮುಗಿದಂತೆ. ಅಂಗಳದ ನಂದಿಬಟ್ಟಲು ಗಿಡದಿಂದ ಎರಡು ಹೂವು ಕಿತ್ತು, ಮುಚ್ಚಿದ ಕಣ್ಣಿನ ಮೇಲಿಟ್ಟು ಬಟ್ಟೆ ಕಟ್ಟಿ ಕಳಿಸುವುದು.

ಇದರಲ್ಲೊಂದು ಸೋಜಿಗವಿತ್ತು. ಪೊರೆ ತೆಗೆಸಿದ ಮೇಲೂ ಅತ್ತೆಗೇ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ವಯಸ್ಸಿಗೆ ಕರಿಗುಡ್ಡೆಯ ಸುತ್ತ ಬೆಳ್ಳಗೆ ಬಳೆಯೂ ಕಟ್ಟಿತ್ತು. ಆ ಕಸವನ್ನು ಅವರು ಕಂಡದ್ದು ಅಷ್ಟರಲ್ಲೇ ಇದೆ. ನಾನೊಮ್ಮೆ ಚುಡಾಯಿಸಿದ್ದೆ: "ಅಲ್ಲ ಅತ್ತೆ, ಕಾಣದೇ ಇರೋದನ್ನ ಹೆಂಗೆ ತೆಗೀತೀರಿ?" ಅವರು ಸೆರಗಿನ ತುದಿ ಹಿಂಡುತ್ತ, "ನಾನ್ಯಾಕೆ ನೋಡ್ಬೇಕು? ಕಣ್ಣೇ ಯೋಳ್ತದೆ ಕಣವ್ವ. ಒಂದು ಧೂಳಿದ್ರೂ ಸುಮ್ಕಿರಕಿಲ್ಲ ಅದು" ಅಂದರು. ಅವರ ವೈದ್ಯವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಅದು ಸರಿಯಾದ ಮಾತೇ ಆಗಿತ್ತು, ಅಕ್ಕನ ಕಣ್ಣಿನ ತನಕ.

ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಅವಳು ಪಾಂಡವಪುರದವಳು, ನಾನು ಶ್ರೀರಂಗಪಟ್ಟಣದವಳು. ಇಬ್ಬರೂ ಒಂದೇ ಒಲೆಯ ಮುಂದೆ ಬಂದು ಬಿದ್ದೆವು. ನನ್ನ ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆಯಾದ ಹೊಸದರಲ್ಲಿ ಈ ಹುಡುಗಿ ಮನೆ ಒಡೆಯುತ್ತಾಳೆ ಅಂತ ನೆಂಟರೆಲ್ಲ ಮಾತಾಡಿಕೊಂಡಿದ್ದರಂತೆ. ಒಡೆಯಲು ಅಕ್ಕ ಬಿಡಲಿಲ್ಲ. ನಾನು ಪಾತ್ರೆ ಕುಕ್ಕಿದರೆ ಅವಳು ಎತ್ತಿಡುತ್ತಿದ್ದಳು. ನಾನು ಕೆ.ಆರ್. ಪೇಟೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರೆ ಅವಳು, "ಓಗ್ಲಿ ಬುಡಿ ಅತ್ತೆ, ಅಸು ನಾನ್ ನೋಡ್ಕತೀನಿ" ಅಂದಳು. ಹಸುಗಳನ್ನು ನಿಜವಾಗಿಯೂ ಅವಳೇ ನೋಡಿಕೊಂಡಳು. ಎರಡೂ ಹೊತ್ತು ಹಾಲು ಕರೆದು ಡೈರಿಗೆ ಹಾಕುವುದು, ಮೇವು, ಕೊಟ್ಟಿಗೆ, ಎಲ್ಲ.

ಕಾಯಿಲೆ ಮೊದಲು ಬಂದದ್ದು ಎಡಗಣ್ಣಿಗೆ. ಕಣ್ಣು ಆಡಿಸಿದರೆ ಹಿಂದೆಲ್ಲ ನೋವು ಅಂದಳು, ವಾರದಲ್ಲಿ ಆ ಕಣ್ಣು ಮಂಜಾಯಿತು. ಹೊಗೆ ತುಂಬಿದ ಅಡುಗೆಮನೆಯಲ್ಲಿ ನಿಂತು ನೋಡಿದ ಹಾಗೆ ಕಾಣುತ್ತದೆ ಅನ್ನುತ್ತಿದ್ದಳು. ಆಮೇಲೆ ಕಾಲು ಜೋಮು ಹಿಡಿಯಿತು. ಬಿಂದಿಗೆ ಹೊತ್ತು ನಡೆಯುವಾಗ ಮೆಟ್ಟು ಕಳಚಿ ಬಿದ್ದರೂ ಗೊತ್ತಾಗದೆ ಬರಿಗಾಲಲ್ಲಿ ಬಂದುಬಿಡುತ್ತಿದ್ದಳು. ನಾವು ನಕ್ಕಿದ್ದೂ ಉಂಟು. ಮೈಸೂರಿನಲ್ಲಿ ತಲೆಯ ಸ್ಕ್ಯಾನು, ಬೆನ್ನಿನ ನೀರು ಎಲ್ಲ ನೋಡಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ಅತ್ತೆಯ ನಾಲಿಗೆಗೆ ಅದು ದಕ್ಕಲಿಲ್ಲ. "ನರದ್ ಕಾಯ್ಲೆ" ಅಂದುಕೊಂಡರು. ಮೈಯನ್ನು ಕಾಯಬೇಕಾದದ್ದೇ ನರದ ಮೇಲಿನ ಹೊದಿಕೆಯನ್ನು ತಿನ್ನುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಭಾವ ತಮಗೆ ತಿಳಿದಂತೆ ಮನೆಯವರಿಗೆ ತಿಳಿಸಿದರು: "ಮೋಟ್ರು ವೈರ್‌ನ ಇಲಿ ಕಡ್ದಂಗೆ ಕಣವ್ವ. ಒಂದೊತ್ತು ಕರೆಂಟ್ ಓಯ್ತದೆ, ಒಂದೊತ್ತು ಓಗಕಿಲ್ಲ." ಇಂಜೆಕ್ಷನ್ನು, ಮಾತ್ರೆ ಶುರುವಾಯಿತು. ಕಾಲು ಸ್ವಲ್ಪ ಹಿಡಿತಕ್ಕೆ ಬಂತು, ಎಡಗಣ್ಣಿನ ಮಂಜು ಹಾಗೇ ಉಳಿಯಿತು. ಬಲಗಣ್ಣು ಚೆನ್ನಾಗಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಎಲ್ಲದಕ್ಕೂ ಆ ಒಂದೇ ಕಣ್ಣು. "ಒಂದದಲ್ಲ, ಸಾಕು ಬುಡು" ಅನ್ನುತ್ತಿದ್ದಳು.

ಆ ಒಂದು ಕಣ್ಣಿನಲ್ಲೂ ಏನೋ ಆಗುತ್ತಿದೆ ಎನ್ನುವುದು ನಮಗೆ ತಿಳಿಯಲೇ ಇಲ್ಲ. ತಿಳಿಯುವುದಾದರೂ ಹೇಗೆ? ಅದು ಯಾವುದನ್ನೂ ಕೆಡಿಸಲಿಲ್ಲ, ಬದಲಿಗೆ ಸುಖ ಕೊಟ್ಟಿತು. ಅವಳ ತವರಿನಲ್ಲಿ ತಮ್ಮನ ಮದುವೆಯಾಗಿ ಬೀಗರೂಟ ಇಟ್ಟುಕೊಂಡಿದ್ದರು. ಮಾಂಸದ ಅಡುಗೆ ಅಂದರೆ ಈರುಳ್ಳಿ ಮೂಟೆಗಟ್ಟಲೆ. ಹೆಂಗಸರೆಲ್ಲ ಸುತ್ತ ಕೂತು ಈಳಿಗೆಮಣೆಯ ಮೇಲೆ ಹೆಚ್ಚುತ್ತ ಸೊರಸೊರ ಎಂದು ಅಳುತ್ತಿದ್ದರೆ ಅಕ್ಕ ಒಬ್ಬಳು ಕಣ್ಣರಳಿಸಿಕೊಂಡು ಹೆಚ್ಚುತ್ತಿದ್ದಳು. ಅವಳ ಚಿಕ್ಕಮ್ಮ, "ಇವ್ಳ ಕಣ್ಣು ನೋಡ್ರೇ, ಕಲ್ಲು!" ಅಂದು ತಮ್ಮ ಪಾಲಿನ ಈರುಳ್ಳಿಯನ್ನೂ ಅವಳ ಮುಂದಕ್ಕೆ ತಳ್ಳಿದರು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಕಾಯಿಲೆ ಬಂದಾಗಿನಿಂದ ಯಾವ ಕೆಲಸದಲ್ಲೂ ತಾನು ಹಿಂದೆ ಬೀಳುತ್ತಿದ್ದೇನೆ ಎಂದು ಕೊರಗುತ್ತಿದ್ದವಳಿಗೆ ಅವತ್ತು ತಾನೇ ಮುಂದೆ ಎನ್ನುವುದು ಎಷ್ಟು ಹಿತವಾಗಿತ್ತೋ! ಬಸ್ಸಿನಲ್ಲಿ ಬರುವಾಗಲೂ ಅದನ್ನೇ ಹೇಳಿಕೊಂಡು ಬಂದಳು.

ಅವಳ ಕಣ್ಣಿಗೆ ಪೆಟ್ಟಾದದ್ದು ಮೇವು ಕತ್ತರಿಸುವ ಮಿಷಿನ್ನಿನಿಂದ. ಕಾಲಿಗೆ ಬಲ ಇಲ್ಲವೆಂದು ಅವಳು ಸ್ಟೂಲಿನ ಮೇಲೆ ಕೂತು ಮಿಷಿನ್ನಿಗೆ ಕಬ್ಬಿನ ಗರಿ ಕೊಡುತ್ತಿದ್ದಳು. ಕೂತರೆ ಮುಖ ಮಿಷಿನ್ನಿನ ಬಾಯಿಯ ಸಮಕ್ಕೇ ಬರುತ್ತದೆ. ಕಬ್ಬಿನ ಗರಿಯ ಅಂಚು ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಸವರಿದರೆ ಸಾಕು ಚರ್ಮ ಸೀಳುತ್ತದೆ. ಅದರ ಚೂರೊಂದು ಯಾವಾಗಲೋ ಹಾರಿ ಅವಳ ಬಲಗಣ್ಣಿನ ರೆಪ್ಪೆಯೊಳಗೆ ಕೂತಿತ್ತು. ಯಾವಾಗ ಎಂದು ಅವಳಿಗೇ ಗೊತ್ತಿಲ್ಲ. ಸಂಜೆ ನಾನು ಬಸ್ಸಿಳಿದು ಬಂದಾಗ ಕಣ್ಣು ಕೆಂಡದಂತೆ ಕೆಂಪಾಗಿತ್ತು.

"ಏನಕ್ಕ ಇದು, ಕಣ್ಣು ಇಷ್ಟು ಕೆಂಪು?"

"ಕೆಂಪಗದಾ? ನಂಗೇನೂ ಆಗ್ತಿಲ್ವಲ್ಲೇ. ನಿದ್ದೆ ಕೆಟ್ಟಿರ್ಬೇಕು."

ಅತ್ತೆ ಅಲ್ಲೇ ಇದ್ದರು. ಊರಿನವರ ಕಣ್ಣನ್ನೆಲ್ಲ ನೋಡುವವರು ಸೊಸೆಯದನ್ನು ಬಿಟ್ಟಾರೆಯೇ? ಇನ್ನೂ ಬೆಳಕಿತ್ತು. ಜಗಲಿಯ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂರಿಸಿದರು. ರೆಪ್ಪೆ ಮಗುಚಿ, ಸೆರಗಿನ ಬತ್ತಿಯಲ್ಲಿ ಒರೆಸಿದರು.

"ಚುಚ್ತದಾ ಮಗ?"

"ಇಲ್ಲ ಅತ್ತೆ."

"ಒಂಚೂರೂ?"

"ಒಂಚೂರೂ ಇಲ್ಲ."

ಅತ್ತೆ ಮನೆಯ ಸೊಸೆಯೆಂದು ಇನ್ನೊಂದು ಸಲ ಹೆಚ್ಚಾಗಿಯೇ ಒರೆಸಿದರು. ಮತ್ತೆ ಕೇಳಿದರು. ಮತ್ತೆ ಇಲ್ಲ ಅಂದಳು. ಹೂವಿಟ್ಟು ಕಟ್ಟಿದರು. ಮಾರನೆಯ ಬೆಳಿಗ್ಗೆಯೂ ಕೇಳಿದರು, ಅದರ ಮಾರನೆಯ ದಿನವೂ ಕೇಳಿದರು. ಪ್ರತಿ ಸಲವೂ ಅವಳದ್ದು ಅದೇ ಉತ್ತರ. ಅವಳು ಸುಳ್ಳು ಹೇಳಲಿಲ್ಲ. ಕಣ್ಣಿನ ಕೆಂಪು ಮಾತ್ರ ಇಳಿಯಲಿಲ್ಲ. ಒಂದು ಬೆಳಿಗ್ಗೆ ಅವಳು ಕಾಫಿಯ ಲೋಟಕ್ಕೆ ಕೈ ಚಾಚಿದಾಗ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ನಾನು ಅವಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದೆ. ಕರಿಗುಡ್ಡೆಯ ನಡುವೆ, ಅನ್ನದ ಅಗುಳಿನ ಹಾಗೆ, ಒಂದು ಬಿಳಿ ಮಚ್ಚೆ.

ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಭಾವ, ಅಕ್ಕ, ಅತ್ತೆ, ನಾನು ನಾಲ್ವರೂ ಹೋದೆವು. ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಿಷಿನ್ನಿಗೆ ಗದ್ದ ಆನಿಸಿ ಕೂರಿಸಿ, ರೆಪ್ಪೆ ಮಗುಚಿ, ಇಕ್ಕಳದಲ್ಲಿ ಆ ಗರಿಯ ಚೂರನ್ನು ತೆಗೆದು ಬಿಳಿ ಬಟ್ಟೆಯ ಮೇಲಿಟ್ಟರು. ಉಗುರಿನ ಕತ್ತರಿಯಲ್ಲಿ ಕತ್ತರಿಸಿ ಬಿದ್ದ ಚೂರಿನಷ್ಟಿತ್ತು. "ಇದನ್ನ ಇಟ್ಕೊಂಡು ಇಷ್ಟು ದಿನ ಹೇಗೆ ಸುಮ್ಮನಿದ್ರಿ?" ಎಂದು ಕೇಳಿ, ಕೇಳಿದ ಮೇಲೆ ತಾವೇ ಏನೋ ಯೋಚಿಸಿದರು. ಕಾಯಿಲೆಯ ಹೆಸರನ್ನು ಇನ್ನೊಮ್ಮೆ ಕೇಳಿದರು. ಆಮೇಲೆ ಒಂದು ತುಣುಕು ಹತ್ತಿ ತೆಗೆದುಕೊಂಡು, ತುದಿಯನ್ನು ಎಳೆಯಷ್ಟು ಸಣ್ಣದಾಗಿ ಹೊಸೆದರು.

"ನೇರ ನೋಡ್ತಾ ಇರಿ. ನಾನು ಕಣ್ಣನ್ನ ಮುಟ್ತೀನಿ."

ಪಕ್ಕದಿಂದ ಆ ಎಳೆಯನ್ನು ತಂದು ಕರಿಗುಡ್ಡೆಗೇ ಮುಟ್ಟಿಸಿದರು. ನೋಡುತ್ತಿದ್ದ ನನ್ನ ಎರಡು ಕಣ್ಣೂ ತಾವಾಗಿ ಮುಚ್ಚಿಕೊಂಡವು, ಭಾವ ಮುಖ ಆಚೆ ತಿರುಗಿಸಿದರು. ಅಕ್ಕ ರೆಪ್ಪೆ ಬಡಿಯಲಿಲ್ಲ. ಡಾಕ್ಟರಮ್ಮ ಎಳೆಯನ್ನು ಅಲ್ಲೇ ಮೆಲ್ಲಗೆ ಆಚೀಚೆ ಆಡಿಸಿದರು. ಅಕ್ಕ ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ನೋಡುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಬಹಳ ವಿನಯದಿಂದ, "ಯಾವಾಗ ಮುಟ್ತೀರಾ ಮೇಡಂ?" ಎಂದು ಕೇಳಿದಳು.

ಎಷ್ಟೋ ವರ್ಷದಿಂದ ಅವಳ ಕಾಯಿಲೆಯನ್ನು ನೋಡುತ್ತ ಬಂದಿದ್ದೆ. ಎಡವಿದ್ದನ್ನು, ಬಿದ್ದದ್ದನ್ನು, ಸುಸ್ತಾಗಿ ಗೋಡೆ ಹಿಡಿದು ಕೂತದ್ದನ್ನು ನೋಡಿದ್ದೆ. ಆದರೆ ಆ ಒಂದು ಪ್ರಶ್ನೆ ಕೇಳಿದಾಗ ಆದಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕರಿಗುಡ್ಡೆಯ ಮೇಲೆ ಗಾಜಿನಂಥ ಒಂದು ಪರೆ, ಕಾರ್ನಿಯಾ, ಇರುತ್ತದೆ. ಮೈಯಲ್ಲಿ ಅದರಷ್ಟು ಸೂಕ್ಷ್ಮವಾದ ಜಾಗ ಇನ್ನೊಂದಿಲ್ಲ. ಈ ಕಾಯಿಲೆ ಇರುವ ಕೆಲವರಲ್ಲಿ ಆ ಪರೆಯ ಸ್ಪರ್ಶ ಕಡಿಮೆಯಾಗುತ್ತ ಬರುತ್ತದೆ. ಇವರಲ್ಲಿ ಬಲಗಣ್ಣಿನದು ಹೆಚ್ಚುಕಮ್ಮಿ ಹೋಗಿಯೇಬಿಟ್ಟಿದೆ, ಇಷ್ಟು ಹೋಗುವುದು ಅಪರೂಪ. ನೋವು ಗೊತ್ತಾಗದಿದ್ದರೆ ರೆಪ್ಪೆ ಬಡಿಯುವುದಿಲ್ಲ, ನೀರು ಬರುವುದಿಲ್ಲ, ಕಸ ಹೋಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ನರವೇ ಪರೆಯನ್ನು ಪೋಷಿಸುವುದು. ಅದು ಕೆಟ್ಟರೆ ಆದ ಗಾಯ ಒಣಗುವುದೂ ಕಷ್ಟ. "ಇವರ ಕಣ್ಣು ಇವರಿಗೆ ಏನೂ ಹೇಳಲ್ಲ. ಇನ್ಮೇಲೆ ನೀವೇ ನೋಡ್ಬೇಕು" ಎಂದು ನನ್ನ ಕಡೆ ತಿರುಗಿ ಅಂದರು.

ನಾನು ಹೊರಗೆ ಬಂದೆ. ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದರು. ನನ್ನ ಕೋಪ ಯಾರ ಮೇಲೆ ಎಂದು ನನಗೇ ತಿಳಿಯದು. ಎದುರಿಗೆ ಸಿಕ್ಕಿದವರು ಅವರು. "ರೆಪ್ಪೆ ಒಳಗೇ ಇತ್ತು ಅತ್ತೆ. ಅಷ್ಟು ದಿನವೂ ಅಲ್ಲೇ ಕೂತು ಕೊಯ್ದಿದೆ" ಅಂದೆ.

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಚುಚ್ಚಕಿಲ್ಲ ಅಂದ್ಳಲ್ಲವ್ವ" ಅಂದರು. ಇನ್ನೊಂದು ಸಲ, ಮೆಲ್ಲಗೆ, ಬೆಂಚಿನ ಪಕ್ಕದಲ್ಲಿ ಕೂತಿದ್ದ ಯಾರೋ ಅಪರಿಚಿತ ಹೆಂಗಸಿಗೆ ಹೇಳುವಂತೆ, "ನಾನ್ ಕೇಳ್ದೆ. ಚುಚ್ಚಕಿಲ್ಲ ಅಂದ್ಳು" ಅಂದರು.

ಆಮೇಲಿನ ತಿಂಗಳುಗಳ ತುಂಬ ಔಷಧಿಯ ಹನಿಗಳೇ. ಗಂಟೆಗೊಮ್ಮೆ ಒಂದು, ಎರಡು ಗಂಟೆಗೊಮ್ಮೆ ಇನ್ನೊಂದು. ಮಲಗುವಾಗ ರೆಪ್ಪೆಗೆ ಟೇಪು. ಗಾಯ ಮಾಯುತ್ತಿಲ್ಲವೆಂದು ಕಡೆಗೆ ಮೇಲಿನ ರೆಪ್ಪೆಯನ್ನೂ ಕೆಳಗಿನ ರೆಪ್ಪೆಯನ್ನೂ ಅರ್ಧಕ್ಕೆ ಸೇರಿಸಿ ಹೊಲಿದರು. ಕಣ್ಣು ಮುಚ್ಚಿಕೊಂಡಿದ್ದರೆ ಗಾಯ ಒಣಗುತ್ತದೆ ಎನ್ನುವುದು ಲೆಕ್ಕ. ಮೂಟೆಯ ಬಾಯಿ ಹೊಲಿದಂತಿದ್ದ ಆ ಕಣ್ಣನ್ನು ನೋಡಿದ ದಿನ ಅತ್ತೆ ಊಟ ಬಿಟ್ಟರು. ಗಾಯವೇನೋ ಮಾಯಿತು. ಮಾಯಿದ ಜಾಗದಲ್ಲಿ ಬಿಳಿ ಕಲೆ ದಪ್ಪವಾಗಿ ಕೂತಿತು. ಹೊಲಿಗೆ ಬಿಚ್ಚಿದ ಮೇಲೂ ರೆಪ್ಪೆ ಪೂರ್ತಿ ಮೇಲಕ್ಕೇಳಲಿಲ್ಲ. ಆ ಕಣ್ಣಿಗೆ ಈಗ ಬೆಳಕು ಯಾವ ಕಡೆಯಿದೆ ಎನ್ನುವುದಷ್ಟೇ ತಿಳಿಯುತ್ತದೆ. ಉಳಿದದ್ದು ಎಡಗಣ್ಣಿನ ಮಂಜು. ಅಕ್ಕ ಅದರಲ್ಲೇ ಗೋಡೆ ಸವರಿಕೊಂಡು ಓಡಾಡಲು ಕಲಿತಳು. ಹಸುಗಳನ್ನು ಒಂದೊಂದಾಗಿ ಮಾರಿದೆವು. ಕಡೆಯ ಹಸು ಹೋದ ದಿನ ಅವಳು ಖಾಲಿ ಕೊಟ್ಟಿಗೆಯನ್ನು ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

ಅತ್ತೆ ತಮ್ಮ ಕೆಲಸ ನಿಲ್ಲಿಸಿಬಿಟ್ಟರು. ಕಣ್ಣು ಒತ್ತಿಕೊಂಡು ಬಂದವರಿಗೆ "ಆಸ್ಪತ್ರೆಗೋಗ್ರಪ್ಪ, ನಂಗೇನೂ ತಿಳ್ಯಕಿಲ್ಲ" ಎಂದು ಜಗಲಿಯಿಂದಲೇ ಕಳಿಸುತ್ತಿದ್ದರು. ಊರಿನವರು ಗೋಗರೆದರೂ ಸೆರಗು ಮುಟ್ಟಲಿಲ್ಲ. ಊಟ ಕಡಿಮೆಯಾಯಿತು. ಹೊತ್ತುಗೊತ್ತಿಲ್ಲದೆ ನಂದಿಬಟ್ಟಲು ಗಿಡದ ಹತ್ತಿರ ನಿಂತಿರುತ್ತಿದ್ದರು. ನಾವು ತಪಾಸಣೆಗೆ ಹೋದಾಗ ಡಾಕ್ಟರಮ್ಮ ಅತ್ತೆಯ ಕೈ ಹಿಡಿದು, "ಅಜ್ಜಿ, ನೀವು ಮಾಡಿದ್ದರಿಂದ ಅಲ್ಲ, ಅದು ಕಾಯಿಲೆಯಿಂದ" ಎಂದು ಹೇಳಿದರು. ಅತ್ತೆ ತಲೆಯಾಡಿಸಿದರು. ನಂಬಲಿಲ್ಲ.

ಅದೇ ದಿನ ನಾವು ಕಸಿಯ ವಿಚಾರ ಕೇಳಿದ್ದು. ಸತ್ತವರ ಕಣ್ಣಿನ ಪರೆ ತೆಗೆದು ಹಾಕುತ್ತಾರಲ್ಲ, ಅದನ್ನು ಹಾಕಿದರೆ? ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಬೇರೆಯವರಿಗಾದರೆ ಹಾಕಬಹುದಿತ್ತು. ಇವರ ಕಣ್ಣಿನಲ್ಲಿ ಸ್ಪರ್ಶವೇ ಇಲ್ಲ, ಹೊಸ ಪರೆ ಹಾಕಿದರೂ ಅದು ಬೇರೂರುವುದಿಲ್ಲ, ಅದಕ್ಕೂ ಇದೇ ಗತಿಯಾಗುತ್ತದೆ. ಬೇಡ. ಭಾವ ಎದ್ದು ನಿಂತರು. ಅಕ್ಕ "ಆಯ್ತು ಮೇಡಂ" ಅಂದಳು.

ಹೊರಗೆ ಅತ್ತೆ ಕಾಯುತ್ತಿದ್ದರು. ಆಸ್ಪತ್ರೆಯ ಗೋಡೆಯಲ್ಲಿ ನೇತ್ರದಾನದ ದೊಡ್ಡ ಚಿತ್ರವಿತ್ತು. ಅದನ್ನು ಯಾರಿಂದಲೋ ಓದಿಸಿಕೊಂಡಿದ್ದರು. ನಾವು ಬಂದದ್ದೇ ಎದ್ದು ನಿಂತು, ಅಕ್ಕನ ತೋಳು ಹಿಡಿದುಕೊಂಡು, "ಸತ್ತೋರ್ ಕಣ್ಣ ಆಕ್ತಾರಂತಲ್ಲವ್ವ? ನಂದು ಆಕಕ್ಕಾಯ್ತದಾ? ಪೊರೆ ತೆಗ್ಸಿವ್ನಿ, ಆದ್ರೂ ಆಯ್ತದಂತೆ, ಆ ನರ್ಸಮ್ಮ ಯೋಳ್ತು. ನಾನ್ ಸತ್ಮ್ಯಾಕೆ ನನ್ ಕಣ್ಣ ನಿಂಗೇ ಆಕಸ್ಬುಡ್ತೀನಿ" ಅಂದರು.

ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕ ಹೇಳಿಬಿಟ್ಟಳು.

"ಊ ಅತ್ತೆ. ಆಕ್ತಾರಂತೆ. ಈಗ್ತಾನೆ ಕೇಳ್ದೋ."

ಅತ್ತೆಯ ಮುಖ ಅವತ್ತು ಅರಳಿದ್ದನ್ನು ನೋಡಿದ್ದರೆ ಯಾರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ನನಗೆ ಸಿಟ್ಟು. ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ನೀರು ಕುಡಿಯಲು ಹೋದಾಗ, "ಯಾಕಕ್ಕ ಸುಳ್ಳು ಹೇಳಿದೆ? ನಾಳೆ ಏನ್ ಮಾಡ್ತೀಯ?" ಎಂದು ಕೇಳಿದೆ. ಅವಳು ತನ್ನ ಕಪ್ಪು ಕನ್ನಡಕ ಸರಿಮಾಡಿಕೊಂಡಳು. "ನಂಗೆ ಓಗಿದ್ದು ಒಂದ್ ಕಣ್ಣು ಕಣೆ. ಅವ್ರಿಗೆ ಬದುಕೇ ಓಗದೆ. ನೋಡ್ತಿಲ್ವಾ ನೀನು? ತಿಂದಿದ್ದು ಒಳಗ್ ಓಗ್ತಿಲ್ಲ ಅವ್ರಿಗೆ. ಅಷ್ಟಾದ್ರೂ ಇರ್ಲಿ ಬುಡು."

ಅತ್ತೆ ಬದಲಾದರು. ಮತ್ತೆ ಉಣ್ಣತೊಡಗಿದರು. ತಮ್ಮ ಕಣ್ಣುಗಳನ್ನು ಎರವಲು ತಂದ ಪಾತ್ರೆಯಂತೆ ಕಾಪಾಡಲು ಶುರು ಮಾಡಿದರು. ಸ್ನಾನದ ಒಲೆಗೆ ಉರಿ ಹಾಕಲು ಹೋಗುತ್ತಿರಲಿಲ್ಲ. ಯಾಕೆ ಅಂದರೆ, "ಒಗೆ ಕಣವ್ವ, ಕಣ್ಗೆ ಒಳ್ಳೇದಲ್ಲ." ಟಿ.ವಿ. ಹತ್ತಿರ ಕೂರುತ್ತಿರಲಿಲ್ಲ. ರಾಗಿ ಒಕ್ಕಣೆಯ ಕಾಲದಲ್ಲಿ ರಸ್ತೆಗೆ ಇಳಿಯುತ್ತಿರಲಿಲ್ಲ. ಬಿಸಿಲಿಗೆ ಹೋಗುವಾಗ ಭಾವನ ಹಳೆಯ ಕೂಲಿಂಗ್ ಗ್ಲಾಸು ಹಾಕಿಕೊಂಡು ಹೋಗುತ್ತಿದ್ದರು. ಊರಿನವರು, "ಏನಜ್ಜಿ, ಇಂದಿ ಪಿಚ್ಚರ್‌ಗೆ ಓಯ್ತಾ ಇದ್ದೀಯಾ?" ಎಂದು ರೇಗಿಸಿದರೆ, "ಇವು ನನ್ನವಲ್ಲ ಕಣ್ಲಾ, ನನ್ ಸೊಸೇವು. ಜ್ವಾಪಾನವಾಗಿ ಇಕ್ಕಂಡಿವ್ನಿ" ಅನ್ನುತ್ತಿದ್ದರು. ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ದಿನಕ್ಕೆರಡು ಸಲ ಟಾರ್ಚ್ ಬಿಟ್ಟು ಅಕ್ಕನ ಎರಡೂ ಕಣ್ಣು ನೋಡುವುದು ನನ್ನ ಪಾಲಿಗೆ ಬಂದಿತ್ತು. ಕೆಂಪಿದೆಯೇ, ಕಸವಿದೆಯೇ, ಎಡಗಣ್ಣಿನಲ್ಲೂ ಸ್ಪರ್ಶ ತಗ್ಗುತ್ತಿದೆ ಎಂದಿದ್ದರಿಂದ ಅಲ್ಲೇನಾದರೂ ಗೀಚಿದೆಯೇ. ಆ ಮಂಜುಗಣ್ಣನ್ನಾದರೂ ಉಳಿಸಿಕೊಳ್ಳಬೇಕಿತ್ತು. ನಾನು ನೋಡುವಾಗ ಅತ್ತೆ ಪಕ್ಕದಲ್ಲಿ ನಿಂತಿರುತ್ತಿದ್ದರು. ಹನಿ ಹಾಕುವುದು ಅವರ ಕೆಲಸ. ಒಂದು ಹನಿಯೂ ಆಚೆ ಬೀಳುತ್ತಿರಲಿಲ್ಲ. ಹಾಕಿ, "ಇನ್ನೇನು ಮಗ, ವಸಿ ದಿನ ತಡ್ಕ" ಅನ್ನುತ್ತಿದ್ದರು. ತಮ್ಮ ಸಾವನ್ನು ಯಾವುದೋ ಊರಿನಿಂದ ಬರಬೇಕಾದ ಸಾಮಾನಿನಂತೆ ಮಾತಾಡುತ್ತಿದ್ದರು. ಅಕ್ಕ "ಊ ಅತ್ತೆ" ಅನ್ನುತ್ತಿದ್ದಳು. ಒಂದು ಸಲ ಮಾತ್ರ, "ನಂಗೇನ್ ಅವಸ್ರ ಇಲ್ಲ ಅತ್ತೆ, ನೀವಿರಿ" ಅಂದಳು. ಅತ್ತೆಗೆ ಆ ಮಾತು ಹಿಡಿಸಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ, ತಿಂಡಿಯಾದ ಮೇಲೆ. ಎದೆ ಹಿಡಿದುಕೊಂಡಿತು ಅಂದರು, ಕಾರು ಬರುವಷ್ಟರಲ್ಲಿ ಮುಗಿದಿತ್ತು. ಭಾವ ಗೋಡೆಗೆ ತಲೆ ಆನಿಸಿ ನಿಂತುಬಿಟ್ಟರು. ಅಕ್ಕನೇ ನೆಲ ಸವರಿಕೊಂಡು ಅತ್ತೆಯ ತಲೆಯ ಹತ್ತಿರ ಬಂದು ಕೂತು, ನನಗೆ, "ಆಸ್ಪತ್ರೆಗೆ ಫೋನ್ ಮಾಡು. ತಡ ಆಗ್ಬಾರ್ದು" ಅಂದಳು. ಫೋನಿನಲ್ಲಿ ಹೇಳಿದ ಹಾಗೆ ಫ್ಯಾನು ನಿಲ್ಲಿಸಿದೆವು, ತಲೆಯ ಕೆಳಗೆ ದಿಂಬು ಕೊಟ್ಟೆವು, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟೆವು. ನೆಂಟರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಕಣ್ಣಿಲ್ಲದೆ ಹೇಗೆ ಕಳಿಸುತ್ತೀರಿ, ದಾರಿ ಕಾಣಬೇಡವೇ ಎಂದು ಯಾರೋ ಅಂದರು. ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಷ್ಟರಲ್ಲಿ ಆಸ್ಪತ್ರೆಯವರು ಬಂದರು, ಒಳಗೆ ಹೋದರು, ಹೊರಗೆ ಬಂದರು, ಕೈ ಮುಗಿದು ಹೋದರು. ಕಣ್ಣಿನ ಪೆಟ್ಟಿಗೆ ಜೀಪಿನಲ್ಲಿ ಮೈಸೂರಿನ ಕಡೆ ಹೋಯಿತು. ಅದು ಯಾರಿಗೆ ಸೇರುತ್ತದೆಂದು ಅವರೂ ಹೇಳುವುದಿಲ್ಲ, ನಾವೂ ಕೇಳುವ ಹಾಗಿಲ್ಲ.

ಅಕ್ಕ ಅತ್ತೆಯ ಮುಖ ಸವರಿದಳು. ಹಣೆ, ಕೆನ್ನೆ, ಆಮೇಲೆ ರೆಪ್ಪೆ. ಅಲ್ಲಿಗೆ ಬಂದಾಗ ಅವಳ ಬೆರಳು ನಿಂತಿತು. ಈರುಳ್ಳಿಗೆ ನೀರು ಬರದ ಆ ಕಣ್ಣಿನಲ್ಲಿ ಅವತ್ತು ನೀರು ಸುರಿಯಿತು. ದುಃಖದ ನೀರಿಗೆ ದಾರಿ ಬೇರೆಯಂತೆ, ಡಾಕ್ಟರಮ್ಮ ಹಿಂದೊಮ್ಮೆ ಹೇಳಿದ್ದರು. ನಾನು ಅವಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಸತ್ತವರಿಗಾಗಿ ಎಷ್ಟು ಅತ್ತೆನೋ, ಆ ಜೀಪಿನಲ್ಲಿ ಹೋದದ್ದು ಇವಳಿಗೆ ಆಗಲಿಲ್ಲವಲ್ಲ ಎಂದೂ ಅಷ್ಟೇ ಕಣ್ಣೀರಿಟ್ಟೆ.

ತಿಥಿಯ ದಿನ ಅತ್ತೆಯ ತಮ್ಮ ಬಂದರು. ನಾಗಮಂಗಲದ ಕಡೆಯ ಹಳ್ಳಿಯವರು, ಅತ್ತೆಗೆ ಉಳಿದಿದ್ದ ಒಬ್ಬರೇ ಒಡಹುಟ್ಟಿದವರು. ಅತ್ತೆ ಸತ್ತಾಗ ಅವರು ಸೊಂಟ ಮುರಿದುಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿದ್ದರು, ಮಣ್ಣಿಗೆ ಬರಲಾಗಿರಲಿಲ್ಲ. ಈಗ ಮಗ ತೋಳು ಹಿಡಿದು ಕಾರಿನಿಂದ ಇಳಿಸಿದ. ಊರುಗೋಲು ಊರಿಕೊಂಡು ಮೆಲ್ಲಗೆ ಜಗಲಿ ಹತ್ತಿದರು. ಎಡೆ ಇಟ್ಟಿದ್ದ ಫೋಟೊದ ಕಡೆ ಅವರು ನೋಡಲೇ ಇಲ್ಲ.

"ದೊಡ್ ಸೊಸೆ ಎಲ್ಲವಳೆ?" ಅಂದರು.

ಅಕ್ಕ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. "ಬನ್ನಿ ಮಾವ."

"ಫೋನಲ್ಲಿ ಯೋಳಿತ್ತು ನಮ್ಮಕ್ಕ. ನಾನ್ ಸತ್ರೂ ನನ್ ಕಣ್ಣು ಸೊಸೆ ತಾವ್ಲೇ ಇರ್ತದೆ ಕಣ್ಲಾ, ಬಂದ್ ನೋಡು ಅಂತ. ಕೊನೇದಾಗಿ ಮೊಕ ನೋಡಕ್ಕಾಗ್ನಿಲ್ಲ. ಕಣ್ಣಾರ ನೋಡ್ಕಂಡೋಗುಮಾ ಅಂತ ಬಂದೆ."

ಭಾವ ನನ್ನ ಮುಖ ನೋಡಿದರು. ನಾನು ಭಾವನ ಮುಖ ನೋಡಿದೆ. ಎಲೆ ಹಾಕುತ್ತಿದ್ದವರು ಹಾಗೇ ನಿಂತರು. ಈಗಲಾದರೂ ಹೇಳಬೇಕು, ಇಷ್ಟು ವಯಸ್ಸಾದವರಿಗೆ ಸುಳ್ಳು ಹೇಳಿ ಕಳಿಸಬಾರದು ಎಂದು ನನ್ನ ಮನಸ್ಸಿನಲ್ಲಿತ್ತು. ಆದರೆ ಅದನ್ನು ಹೇಳಬೇಕಾದವಳು ಅಕ್ಕ. ಅವಳು ಕಪ್ಪು ಕನ್ನಡಕ ತೆಗೆದಳು. ಅರ್ಧಕ್ಕೇ ನಿಲ್ಲುವ ಬಲಗಣ್ಣಿನ ರೆಪ್ಪೆಯನ್ನು ಎರಡು ಬೆರಳಿನಲ್ಲಿ ಮೇಲಕ್ಕೆತ್ತಿದಳು.

"ನೋಡಿ ಮಾವ."

ಅವರು ಊರುಗೋಲನ್ನು ಮಗನ ಕೈಗೆ ಕೊಟ್ಟು, ಅವಳ ಭುಜದ ಮೇಲೆ ಕೈಯಿಟ್ಟು ಬಗ್ಗಿದರು. ಬಹಳ ಹತ್ತಿರಕ್ಕೆ ಬಗ್ಗಿದರು. ಅವರಿಗೂ ಕಣ್ಣು ಮಂದ. ಕರಿಗುಡ್ಡೆಯ ತುಂಬ ಬೆಳ್ಳಗೆ ಹರಡಿದ ಕಲೆಯನ್ನು ಅವರು ನೋಡಿದರು. ಇನ್ನೇನು ಕೇಳಿಯೇಬಿಡುತ್ತಾರೆ ಅಂದುಕೊಂಡೆ.

"ಅದೇಯ" ಅಂದರು. "ನಮ್ಮಕ್ಕಂದೇಯ. ಕಡೇ ಕಾಲಕ್ಕೆ ಇಂಗೇ ಬೆಳ್ಳಗೆ ಸುತ್ಕಂಡಿತ್ತು."

ಆಮೇಲೆ ಅವರು ಅವಳೊಡನೆ ಮಾತಾಡಲಿಲ್ಲ. ಆ ಕಣ್ಣಿನ ಜೊತೆ ಮಾತಾಡಿದರು.

"ಅಕ್ಕ, ನಾನು ಕಣಕ್ಕ. ಮಣ್ಗೆ ಬರಕ್ಕಾಗ್ನಿಲ್ಲ. ಸೊಂಟ ಮುರ್ಕಂಡು ಬಿದ್ದಿದ್ದೆ. ಬೈಬ್ಯಾಡ."

ಅಕ್ಕನಿಗೆ ಆ ಕಣ್ಣಿನಲ್ಲಿ ಕಂಡಿದ್ದರೆ ಒಂದು ನೆರಳು ಕಂಡಿರಬೇಕು, ಅಷ್ಟೇ. "ಬಯ್ಯಕಿಲ್ಲ ಮಾವ" ಅಂದಳು. "ನೋಡ್ತಾವ್ರೆ."

ಮುದುಕರು ಇನ್ನೂ ಏನೇನೋ ಹೇಳಿದರು. ಚಿಕ್ಕಂದಿನದು, ಅಪ್ಪ ಅವ್ವನದು, ನಮಗೆ ಅರ್ಧ ತಿಳಿದದ್ದು ಅರ್ಧ ತಿಳಿಯದ್ದು. ಯಾರೂ ಅಡ್ಡ ಬರಲಿಲ್ಲ. ಅವರಿಗೇ ಸಾಕೆನಿಸಿ ನೆಟ್ಟಗೆ ನಿಲ್ಲುವ ತನಕ ಅಕ್ಕ ಆ ರೆಪ್ಪೆಯನ್ನು ಎತ್ತಿ ಹಿಡಿದೇ ಇದ್ದಳು.